ಖಾನಾಪುರದ ವಾಸನೆ

ಮಹಾಂತೇಶ ನಗರದ ಶಿವಬಸವ್ವನ ಮೂಗು ಅಂತಿಂಥ ಮೂಗಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಎಣ್ಣೆಗಾಯಿ, ಯಾರ ಮನೆಯಲ್ಲಿ ಪುಂಡಿಪಲ್ಯ, ಯಾರ ಒಲೆಯ ಮೇಲೆ ಹಾಲು ಉಕ್ಕಿ ಸೀದಿದೆ ಎನ್ನುವುದೆಲ್ಲ ಅವಳಿಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಜೋಳ ಹೊಸದೋ ಹಳೆಯದೋ ಹೇಳಬಲ್ಲಳು. ಇಂಥ ಮೂಗಿನಿಂದ ಸಂಸಾರಕ್ಕೆ ಕುತ್ತು ಬರಬಹುದೆಂದು ಐವತ್ತು ದಾಟುವವರೆಗೆ ಅವಳಿಗೆ ಅನಿಸಿರಲಿಲ್ಲ. ಯುಗಾದಿ ಮುಗಿದ ಮೇಲಿನ ಒಂದು ರವಿವಾರ, ಖಾನಾಪುರದಿಂದ ಮರಳಿದ ಗಂಡ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಒಗೆಯಲೆಂದು ಅದನ್ನು ಎತ್ತಿಕೊಂಡಳು. ಅಂಗಿಯಿಂದ ಮೀನಿನ ವಾಸನೆ ಬಂತು.

ಮೊದಲು ಅವಳು ತನ್ನ ಮೂಗನ್ನೇ ನಂಬಲಿಲ್ಲ. ಅಂಗಿಯನ್ನು ಹಿತ್ತಲಿಗೆ ಒಯ್ದು, ಬಯಲ ಗಾಳಿಯಲ್ಲಿ ನಿಂತು ಮತ್ತೆ ಮೂಸಿದಳು. ತೋಳಿನ ಅಂಚಿನಲ್ಲಿ ವಾಸನೆ ಇನ್ನೂ ಗಾಢವಾಗಿತ್ತು. ಕ್ಯಾಂಪಿನ ಪೇಟೆಯ ಕಡೆ ಹೋಗುವಾಗ ಮೀನಿನ ಬುಟ್ಟಿಗಳ ಹತ್ತಿರ ಬಸ್ಸು ನಿಂತರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳಲ್ಲ, ಅದೇ ವಾಸನೆ. ಸಂಶಯವೇ ಇಲ್ಲ.

ಅವಳ ಗಂಡ ಗುರುಪುತ್ರಪ್ಪ ಸಹಕಾರಿ ಸಂಘವೊಂದರ ಗುಮಾಸ್ತ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಎರಡೂ ಹೊತ್ತು ಪೂಜೆ. ಇಬ್ಬರ ಮನೆತನದಲ್ಲಿಯೂ ತತ್ತಿಯನ್ನು ಕೂಡ ಯಾರೂ ಹೊಸ್ತಿಲು ದಾಟಿಸಿದವರಲ್ಲ. ಅಂಥವನ ಅಂಗಿಗೆ ಮೀನು ಹೇಗೆ ಬಂತು? ಅವನಿಗೆ ಇದ್ದದ್ದು ಎರಡೇ ಚಟ. ಒಂದು ನಶ್ಯ. ಹುಡುಗನಾಗಿದ್ದಾಗಿನಿಂದ ಏರಿಸಿ ಏರಿಸಿ ಅವನ ಮೂಗು ಸತ್ತೇ ಹೋಗಿತ್ತು. ಬೆಲ್ಲದ ಪಾಕ ಕರಕಲಾದರೂ ತಿಳಿಯುತ್ತಿರಲಿಲ್ಲ. ಇನ್ನೊಂದು, ಹಳೆಯ ವಿಡಿಯೋ ಗೇಮುಗಳು.

ಇದು ಶುರುವಾದದ್ದು ಮಗಳಿಂದ. ಪದ್ಮಶ್ರೀ ಸಣ್ಣವಳಿದ್ದಾಗ ತಂದುಕೊಟ್ಟ ಟಿವಿ ಗೇಮು ಒಂದು ದಿನ ಕೆಟ್ಟು ಕೂತಿತು. ಅದನ್ನು ರಿಪೇರಿ ಮಾಡಿಸಲು ಊರೆಲ್ಲ ಅಲೆದ ಅಪ್ಪ, ಅದರ ಜೊತೆಗೆ ಇನ್ನೊಂದು ಕೆಟ್ಟದ್ದನ್ನು ಕಟ್ಟಿಕೊಂಡು ಬಂದ. ಮಗಳು ಬೆಳೆದು, ಮದುವೆಯಾಗಿ, ಗಂಡನ ಊರು ಹಿಂಡಲಗಾಕ್ಕೆ ಹೋದಳು. ಅಪ್ಪ ಆ ಗೇಮುಗಳಲ್ಲೇ ಉಳಿದ. ಶನಿವಾರ ಖೂಟವೆಂಬ ಪೇಟೆಯ ಗುಜರಿ ಅಂಗಡಿ, ಊರು ಬಿಡುವವರ ಅಟ್ಟ, ಎಲ್ಲಿಂದೆಲ್ಲಿಂದಲೋ ಹೆಕ್ಕಿ ತಂದ. ಕ್ಯಾಸೆಟ್ಟು ತುರುಕುವ ಡಬ್ಬಿಗಳು, ತಟ್ಟೆ ತಿರುಗುವ ಡಬ್ಬಿಗಳು, ಕೈಯಲ್ಲಿ ಹಿಡಿದು ಆಡುವ ದಪ್ಪನೆಯ ಗೇಮುಗಳು. ಹಳದಿಗಟ್ಟಿದ ಡಬ್ಬಿಗೆ ಕೂದಲು ಬಿಳಿಚಿಸುವ ಕ್ರೀಮು ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ, ಮಾಳಿಗೆಯ ಮೇಲೆ ಶಿವಬಸವ್ವನ ಹಪ್ಪಳದ ಬಾಜುವಿಗೇ ಬಿಸಿಲಿಗಿಡುತ್ತಿದ್ದ. ಸಂಜೆಗೆ ಡಬ್ಬಿ ಬೆಳ್ಳಗಾಗುತ್ತಿತ್ತು. ಹಪ್ಪಳ ಕಾಗೆಯ ಪಾಲಾದರೂ ಅವನಿಗೆ ಲಕ್ಷ್ಯವಿರುತ್ತಿರಲಿಲ್ಲ. ಒಂದನ್ನೂ ಮಾರಿದವನಲ್ಲ. ಏನಿದ್ದರೂ ಅದಲು ಬದಲು. ಒಂದು ಕೊಟ್ಟು ಇನ್ನೊಂದು ತರುವುದು, ತಂದದ್ದನ್ನು ಗಾಜಿನ ಕಪಾಟಿನಲ್ಲಿಟ್ಟು ಹಳೆಯ ಧೋತರದ ತುಂಡಿನಿಂದ ಒರೆಸುವುದು.

ಆ ಅದಲು ಬದಲಿನ ಮುಖ್ಯ ಗಿರಾಕಿ ಖಾನಾಪುರದ ಬಾಳಕೃಷ್ಣ. ವಾರವೆಲ್ಲ ಟಿವಿ ಅಂಗಡಿಯೊಂದರಲ್ಲಿ ರಿಪೇರಿ ಕೆಲಸ, ರವಿವಾರ ಮನೆಯ ಹೊರಗಿನ ಖೋಲಿಯಲ್ಲಿ ಈ ಗೇಮುಗಳ ಕೆಲಸ. ಗೋವಾದಲ್ಲಿ ಹಡಗಿಗೆ ಹೋಗಿಬಂದವರ ಮನೆಗಳಿಂದ ಅವನಿಗೆ ಹಳೆಯ ಮಾಲು ಸಿಗುತ್ತಿತ್ತು. ಹಳೆಯ ಡಬ್ಬಿಯ ಹೊಟ್ಟೆ ಬಗೆದು, ಹೊಸ ತಂತಿ ಹಾಕಿ, ಇಂದಿನ ಚಪ್ಪಟೆ ಟಿವಿಯಲ್ಲಿಯೂ ಚಿತ್ರ ಮೂಡುವಂತೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗುರುಪುತ್ರಪ್ಪ ಅವನ ಮುಂದೆ ಕೂತು ಕೆಲಸ ಕಲಿಯತೊಡಗಿದ. ಮೊದಲು ಹಬ್ಬಕ್ಕೊಮ್ಮೆ ಹೋಗುತ್ತಿದ್ದವನು, ಈಗ ಪ್ರತಿ ರವಿವಾರ ನಾಷ್ಟಾ ಮುಗಿಸಿ ಖಾನಾಪುರದ ಗಾಡಿ ಹತ್ತುತ್ತಿದ್ದ.

ಶಿವಬಸವ್ವನಿಗೆ ಈ ಬಾಳಕೃಷ್ಣನ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅಂಥ ಮನುಷ್ಯ ಇದ್ದಾನೋ ಇಲ್ಲವೋ ಎಂಬ ಸಂಶಯವೂ ಈಗ ಹುಟ್ಟಿತು. ಖಾನಾಪುರ ಎಂದರೆ ಗೋವಾದ ಹಾದಿ, ಗೋವಾ ಎಂದರೆ ಮೀನು. ಗಂಡನಿಗೆ ಅಲ್ಲಿ ಮೀನು ಬೇಯಿಸಿ ಹಾಕುವವರು ಯಾರೋ ಇದ್ದಾರೆ. ಬೇಯಿಸಿ ಹಾಕುವವರು ಎಂದರೆ ಗಂಡಸಂತೂ ಇರಲಿಕ್ಕಿಲ್ಲ. ಇಷ್ಟು ದೂರ ಯೋಚಿಸಿ, ತನ್ನ ಯೋಚನೆಗೆ ತಾನೇ ಹೆದರಿ, ಅಂಗಿಯನ್ನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಒಗೆದಳು.

ಮುಂದಿನ ರವಿವಾರವೂ ಅದೇ ವಾಸನೆ. ಅದರ ಮುಂದಿನ ರವಿವಾರ ಮಳೆ ಜೋರಾಗಿದ್ದರಿಂದ ಅವನು ಹೋಗಲಿಲ್ಲ, ವಾಸನೆ ಬರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೂ ಅವಳು ಸಾಕ್ಷಿ ಹುಡುಕುವುದನ್ನು ಬಿಡಲಿಲ್ಲ. ರವಿವಾರ ರಾತ್ರಿ ಅವನಿಗೆ ಪ್ರಾಣವಾದ ಎಣ್ಣೆಗಾಯಿ ಮಾಡಿದಳು. ಅವನು ಅರ್ಧ ರೊಟ್ಟಿ ತಿಂದು, “ಹೊಟ್ಟಿ ತುಂಬೇತಿ ನೋಡು” ಎಂದು ಎದ್ದ. ಎಲ್ಲಿ ತುಂಬಿತು, ಯಾತರಿಂದ ತುಂಬಿತು ಎಂದು ಅವಳ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಅವನು ಮಲಗಿದ ಬಳಿಕ ಅವನ ಕೈಚೀಲ ಮೂಸಿದಳು. ಕಪಾಟಿನ ಬಾಗಿಲು ತೆರೆದು ಒಂದೊಂದೇ ಗೇಮನ್ನು ಮೂಸಿದಳು. ಡಬ್ಬಿಗಳನ್ನಿಟ್ಟ ರಟ್ಟಿನ ಖೋಕಾಗಳ ಮುಚ್ಚಳ ಬಿಚ್ಚಿ, ಒಳಗೆ ಮೂಗು ತೂರಿಸಿ, ಮತ್ತೆ ಇದ್ದಂತೆ ಇಡುತ್ತಿದ್ದಳು. ಕೈಯಲ್ಲಿ ಹಿಡಿದು ಆಡುವ ಒಂದೆರಡು ಗೇಮುಗಳಲ್ಲಿ ಸಣ್ಣಗೆ ಅದೇ ಮೀನು. ತಿಂದ ಕೈಯಲ್ಲೇ ಮುಟ್ಟಿದ್ದಾನೆ ಎಂದುಕೊಂಡಳು.

ಇಷ್ಟರಲ್ಲಿ ಇನ್ನೊಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಕಪಾಟು ಖಾಲಿಯಾಗುತ್ತಿತ್ತು. ಹೋದ ವಾರ ಇದ್ದ ಡಬ್ಬಿ ಈ ವಾರ ಇಲ್ಲ, ಅದರ ಜಾಗದಲ್ಲಿ ಹೊಸದೂ ಇಲ್ಲ. ಜೀವಕ್ಕಿಂತ ಹೆಚ್ಚಾಗಿ ಸಾಕಿದ ಗೇಮುಗಳನ್ನು ಯಾರ ಮನೆಗೋ ಸಾಗಿಸುತ್ತಿದ್ದಾನೆ. ಆ ಮನೆಯಲ್ಲಿ ಸಣ್ಣ ಹುಡುಗರೇ ಇದ್ದರೆ? ಆ ರಾತ್ರಿ ಅವಳಿಗೆ ಕಣ್ಣು ಹತ್ತಲಿಲ್ಲ.

ಮಗಳಿಗೆ ಫೋನು ಮಾಡಿ ಅತ್ತಳು. ಪದ್ಮಶ್ರೀ ಮೊದಲು ನಕ್ಕಳು, ಆಮೇಲೆ ಬೈದಳು.

“ಯವ್ವಾ, ಅಪ್ಪನ್ನ ಸೀದಾ ಕೇಳಬಾರದೇನು? ಒಂದು ಮಾತಿನ ಕೆಲಸಾ ಐತಿ.”

“ಕೇಳಿದ್ರ ಖರೇ ಹೇಳ್ತಾರೇನವಾ?”

“ಅಪ್ಪ ಯಾವಾಗ ಸುಳ್ಳ ಹೇಳ್ಯಾರ?”

“ಅದಕ್ಕ ಕೇಳಾಕ ಅಂಜಿಕಿ ನನಗ.”

ನಿಜವಾದ ತೊಡಕು ಇದೇ ಆಗಿತ್ತು. ಇಲ್ಲ ಎಂದರೆ ಅವಳು ನಂಬುವವಳಲ್ಲ, ಹೌದು ಎಂದರೆ ಆ ಮನೆಯಲ್ಲಿ ಉಳಿಯುವವಳಲ್ಲ. ಕೇಳದೆ ಇದ್ದಷ್ಟು ದಿನ ಸಂಸಾರ ಉಳಿದಿರುತ್ತದೆ. ಹೀಗೆಂದು ಅವಳು ಗಂಡನ ತಾಟು ಬೇರೆ ಇಟ್ಟು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮೊದಲು ಅವನಿಗೆ ಬಡಿಸಿ, ಆಮೇಲೆ ತಾನೊಬ್ಬಳೇ ಉಣ್ಣತೊಡಗಿದಳು. ಅವನು ಒಮ್ಮೆ “ಯಾಕ, ಕೂಡೇ ಕುಂದರಬಾರದೇನು?” ಎಂದ. ಅವಳು ಸೊಂಟನೋವಿನ ನೆಪ ಹೇಳಿದಳು. ಅವನೂ ಮತ್ತೆ ಕೇಳಲಿಲ್ಲ. ಇಬ್ಬರೂ ಮಾತು ಕಡಿಮೆ ಮಾಡಿದರು. ಮನೆಯಲ್ಲಿ ಟಿವಿಯ ದನಿಯೊಂದೇ ಉಳಿಯಿತು.

ಶ್ರಾವಣ ಬಂತು. ಪ್ರತಿ ವರ್ಷ ಶ್ರಾವಣದ ಸೋಮವಾರ ಅವರ ಮನೆಯಲ್ಲಿ ಜಂಗಮ ಅಯ್ಯನವರ ಪಾದಪೂಜೆ. ಗಂಡ ಹೆಂಡತಿ ಒಟ್ಟಿಗೆ ಕೂತು ಮಾಡಬೇಕು. ಓಣಿಯ ಹೆಂಗಸರೆಲ್ಲ ಪ್ರಸಾದಕ್ಕೆ ಬರುತ್ತಿದ್ದರು. “ಈ ಸಲ ಯಾವ ಸೋಮವಾರ ಇಟ್ಟೀರಿ?” ಎಂದು ಬಾಜು ಮನೆಯ ಸತ್ಯವ್ವ ಕಂಪೌಂಡಿನ ಮೇಲಿಂದ ಕೇಳಿದಾಗ ಶಿವಬಸವ್ವ “ಬರೂ ಸೋಮವಾರರಿ” ಎಂದುಬಿಟ್ಟು ಒಳಗೆ ಸರಿದಳು. ಮೀನು ತಿಂದ ಕೈ ಅಯ್ಯನವರ ಪಾದ ಮುಟ್ಟುವುದನ್ನು ಅವಳು ಕೂತು ನೋಡಲಾರಳು. ಬೇಡವೆನ್ನಲು ಕಾರಣ ಹೇಳಬೇಕು. ಇನ್ನು ಮುಂದೂಡುವಂತಿರಲಿಲ್ಲ. ಕಣ್ಣಾರೆ ಕಂಡು ಬಿಡೋಣ, ಖರೇ ಆಗಿದ್ದರೆ ಅಲ್ಲಿಂದ ಹಿಂಡಲಗಾಕ್ಕೆ, ಮಗಳ ಮನೆಗೆ ಹೋಗಿಬಿಡುವುದು, ತಿರುಗಿ ಈ ಹೊಸ್ತಿಲು ತುಳಿಯುವುದು ಬೇಡ. ಚೀಲದಲ್ಲಿ ಎರಡು ಸೀರೆ, ಲಿಂಗಪೂಜೆಯ ಸಾಮಾನು ಇಟ್ಟುಕೊಂಡು, ರವಿವಾರ ಗಂಡ ಹೋದ ಮೇಲೆ ಮುಂದಿನ ಬಸ್ಸಿಗೆ ಖಾನಾಪುರಕ್ಕೆ ಹೊರಟಳು.

ಟಿವಿ ರಿಪೇರಿ ಬಾಳಕೃಷ್ಣನ ಮನೆ ಯಾವುದೆಂದು ಸ್ಟೇಷನ್ನಿನ ಹತ್ತಿರ ಕೇಳಿದಳು. ಚಹಾದಂಗಡಿಯವನು ಮರಾಠಿಯಲ್ಲಿ ಹಾದಿ ಹೇಳಿದ. ಬಾಳಕೃಷ್ಣ ಇದ್ದಾನೆ ಎನ್ನುವುದೇನೋ ಖರೇ ಆಯಿತು. ಅವಳಿಗೆ ಸಮಾಧಾನವಾಗುವ ಬದಲು ಇನ್ನಷ್ಟು ಸಿಟ್ಟು ಬಂತು. ಹಾಗಾದರೆ ಆ ಬಾಳಕೃಷ್ಣನ ಮನೆಯವರೇ ತನ್ನ ಗಂಡನ ಜಾತಿ ಕೆಡಿಸಿದ್ದಾರೆ.

ಮನೆ ಸಿಕ್ಕಿತು. ಅಂಗಳದಲ್ಲಿ ತುಳಸಿಕಟ್ಟೆ, ಬಾಗಿಲಿಗೆ ರಂಗೋಲಿ. ಅಂಗಳಕ್ಕೆ ಕಾಲಿಟ್ಟದ್ದೇ ತಡ, ವಾಸನೆ ಗಪ್ಪನೆ ಬಂದು ಮುಖಕ್ಕೆ ಹೊಡೆಯಿತು. ಅಂಗಿಯಲ್ಲಿ ಬರುತ್ತಿದ್ದುದು ಇದರ ಮುಂದೆ ಏನೂ ಅಲ್ಲ. ಹೊಸ್ತಿಲಲ್ಲಿ ಊದಿನಕಡ್ಡಿಯ ಕಟ್ಟು ಕಟ್ಟೇ ಹಚ್ಚಿಟ್ಟಿದ್ದರು. ಅಷ್ಟು ಹೊಗೆಗೂ ಅದು ಬಗ್ಗಿರಲಿಲ್ಲ.

ಒಳಗಿಂದ ಒಬ್ಬ ಹೆಂಗಸು ಬಂದಳು. ಬಾಳಕೃಷ್ಣನ ಹೆಂಡತಿ ಕುಂದಾ. ಶಿವಬಸವ್ವ ತಾನು ಗುರುಪುತ್ರಪ್ಪನ ಹೆಂಡತಿ ಎಂದದ್ದೇ ಅವಳ ಮುಖ ಒಂದು ನಮೂನೆ ಆಯಿತು.

“ಬರ್ರಿ ವೈನಿ, ಒಳಗ ಬರ್ರಿ. ಕುಂದರ್ರಿ.”

“ಕುಂದರಾಕ ಬಂದಿಲ್ರಿ ನಾನು,” ಎಂದಳು ಶಿವಬಸವ್ವ. “ನಿಮ್ಮ ಮನ್ಯಾಗ ಏನ ಬೇಕಾದ್ದು ಮಾಡ್ಕೋರಿ, ನಾ ಬ್ಯಾಡ ಅನ್ನಂಗಿಲ್ಲ. ನಮ್ಮವ್ರಿಗೆ ಯಾಕ ತಿನ್ನಿಸಿದ್ರಿ?”

“ಏನ ತಿನ್ನಿಸಿದ್ವಿ?”

“ಮೀನಾ!”

ಕುಂದಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವಳ ಕಣ್ಣು ಅಗಲವಾದವು. “ನಾವಾ? ವೈನಿ, ಉಳ್ಳಾಗಡ್ಡಿ ಸೈತ ಚಾತುರ್ಮಾಸದಾಗ ನಮ್ಮನಿಗೆ ಬರೂದಿಲ್ಲ. ನಾನs ನಿಮ್ಮನ್ನ ಕೇಳಬೇಕಂತಿದ್ದೆ. ನಿಮ್ಮ ಯಜಮಾನ್ರು ಬಂದ ದಿವಸ ಅಷ್ಟs ಈ ವಾಸನಿ ಬರ್ತದ. ಉಳದ ದಿವಸ ಇಲ್ಲ. ಏನ ಕಟಗೊಂಡು ಬರ್ತಾರೋ ಅಂತ ನಾ ಅವರ ಚೀಲಾ ಸೈತ ನೋಡೀನಿ. ಹೊಟ್ಟಿ ತುಂಬ ಉಣಿಸಿ ಅತಿಥಿಗೆ ಇದನ್ನ ಹ್ಯಾಂಗ ಕೇಳೂದು ಅಂತ ಸುಮ್ಮನಿದ್ದೆ. ಅವರಿಗೆ ಚಹಾ ಕೊಡೋ ಕಪ್ಪು ಬಾಜೂಕಿಟ್ಟೀನಿ. ಖೋಟೆ ಹೇಳೂದಿಲ್ಲ.”

“ನಮ್ಮವ್ರಿಗೆ ಬ್ಯಾರೇ ಕಪ್ಪಾ?” ಶಿವಬಸವ್ವನಿಗೆ ರೇಗಿತು. ಮರುಗಳಿಗೆಯೇ ತಾನು ಬೇರೆ ಇಟ್ಟ ತಾಟು ನೆನಪಾಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ವಾಸನೆಯ ಜಾಡು ಹಿಡಿದು ಹೊರಗಿನ ಖೋಲಿಯ ಕಡೆ ನಡೆದರು.

ಖೋಲಿಯಲ್ಲಿ ಇಬ್ಬರು ಗಂಡಸರು ಮೇಜಿನ ಮೇಲೆ ಬಾಗಿದ್ದರು. ನಡುವೆ ಹೊಟ್ಟೆ ಬಿಚ್ಚಿದ ಒಂದು ಕೈ ಗೇಮು, ಅದರ ಬೋರ್ಡಿನ ಹಸಿರು ಹಾಳೆ. ಬಾಳಕೃಷ್ಣ ಬೆಸುಗೆ ಹಾಕುವ ಬಿಸಿ ಕಡ್ಡಿಯ ಮೊನೆಯನ್ನು ಸಾಸಿವೆಯಷ್ಟು ಸಣ್ಣ ಡಬ್ಬಿಯೊಂದಕ್ಕೆ ಮುಟ್ಟಿಸಿದ. ಸುಯ್ಯೆಂದು ಎಳೆ ಹೊಗೆ ಎದ್ದಿತು. ಹೊಗೆಯ ಹಿಂದೆಯೇ ಹಸಿಮೀನಿನ ವಾಸನೆ.

ಶಿವಬಸವ್ವ ಸೆರಗು ಮೂಗಿಗೆ ಒತ್ತಿಕೊಂಡು, “ಅದು! ಅದರಾಗಿಂದ ಬರಾಕತ್ತೇತಿ!” ಎಂದು ಕೂಗಿದಳು.

ಗುರುಪುತ್ರಪ್ಪ ಬೆಚ್ಚಿ ತಿರುಗಿದ. “ನೀ ಇಲ್ಲಿ ಹೆಂಗ?”

ಬಾಳಕೃಷ್ಣನಿಗೆ ಏನೂ ತಿಳಿಯಲಿಲ್ಲ. ಇಬ್ಬರೂ ಹೆಂಗಸರು ಒಟ್ಟಿಗೆ ಮಾತಾಡಿ, ಒಬ್ಬರ ಮೇಲೊಬ್ಬರು ಹೇಳಿ, ಕೊನೆಗೆ ಸಂಗತಿ ತಲೆಗೆ ಹೋದಾಗ ಅವನು ಕಡ್ಡಿ ಕೆಳಗಿಟ್ಟ. “ಇದಕ್ಕ ಕೆಪಾಸಿಟರ್ ಅಂತಾರ್ರಿ. ಹಳೇದಾದ್ರ ಒಳಗಿನ ರಸಾ ಸೋರಿ ಬೋರ್ಡ್ ತಿಂದುಬಿಡ್ತದ. ತಗದು ಹೊಸಾದು ಹಾಕಬೇಕು. ಯುಗಾದಿಯಿಂದ ರವಿವಾರಕ್ಕೊಮ್ಮೆ ನಾವಿಬ್ರೂ ಇದನ್ನs ಮಾಡ್ಲಿಕತ್ತೀವಿ. ಕಾಸಿದ್ರ ಮೀನಿನಂಗ ನಾರ್ತದ ಅಂತ ಗೋವಾದ ದೋಸ್ತ ಒಬ್ಬಾಂವ ಅಂದಿದ್ದ. ಈ ಹೊಗಿ ಕುಡದು ಕುಡದು ನನ್ನ ಮೂಗು ಎಂದೋ ಹೋಗ್ಯದ, ನನಗ ತಿಳೀಲಿಲ್ಲ. ಗುರುಪುತ್ರಪ್ಪಾರ್ದು ನಶ್ಯದಾಗ ಹೋಗ್ಯದ.”

ಮೂಗಿಲ್ಲದ ಇಬ್ಬರು ಗಂಡಸರು ಪ್ರತಿ ರವಿವಾರ ಓಣಿಗೆಲ್ಲ ಮೀನಿನ ಹೊಗೆ ಹಾಕಿದ್ದರು. ಕುಂದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಶಿವಬಸವ್ವನಿಗೂ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಯುಗಾದಿಯಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಕಣ್ಣೊರೆಸಿಕೊಂಡು ತಲೆ ಎತ್ತಿದಳು. ಎದುರಿನ ಗೋಡೆಯ ಹಲಗೆಯ ಮೇಲೆ ಸಾಲಾಗಿ ಇದ್ದವು ತಮ್ಮ ಮನೆಯ ಕಪಾಟಿನಿಂದ ಕಾಣೆಯಾದ ಗೇಮುಗಳು. ಒಂದೂ ಕಡಿಮೆ ಇರಲಿಲ್ಲ. ಧೋತರದ ತುಂಡು ಕೂಡ ಅಲ್ಲೇ ಮಡಿಚಿಟ್ಟಿತ್ತು.

“ಇವ್ಯಾಕ ಇಲ್ಲಿ ಅದಾವು?” ಎಂದಳು.

ಗುರುಪುತ್ರಪ್ಪ ನಶ್ಯದ ಡಬ್ಬಿ ಹುಡುಕಿದ. ಬಾಳಕೃಷ್ಣ ಇದ್ದಕ್ಕಿದ್ದಂತೆ ಕಡ್ಡಿಯ ಮೊನೆ ಒರೆಸುವುದರಲ್ಲಿ ಮಗ್ನನಾದ.

ಉತ್ತರ ಸಿಕ್ಕಿದ್ದು ಮರಳುವಾಗ ರೈಲಿನಲ್ಲಿ. ಬೋಗಿಯಲ್ಲಿ ಹೆಚ್ಚು ಮಂದಿ ಇರಲಿಲ್ಲ. ಅವನು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ.

“ಖೋಕಾ ಯಾರೋ ಬಿಚ್ಚಿ ಮತ್ತ ಕಟ್ಟಿದಂಗ ಕಾಣ್ತಿತ್ತು. ಮನ್ಯಾಗ ನೀ ಒಬ್ಬಾಕಿನs ಇರಾಕಿ. ನನ್ನ ನೋಡಿ ಮಾರಿ ಗಂಟ ಹಾಕತಿದ್ದಿ. ಸಿಟ್ಟಿನ್ಯಾಗ ಒಂದೊಂದ ಗುಜರಿಗೆ ಹಾಕಾಕ ನೋಡಾಕತ್ತಿ ಅಂತ ತಿಳದೆ. ಒಂದು ಖೋಕಾಕ್ಕ ಎಳೀ ದಾರ ಸುತ್ತಿ ಇಟ್ಟಿದ್ದೆ. ಮರುದಿನ ದಾರ ಹರದಿತ್ತು. ಅಂದಿನಿಂದ ಒಂದೊಂದನ್ನ ಬಾಳಕೃಷ್ಣರಾವ್ರ ಕಡೆ ಸಾಗಿಸಿದೆ.”

ಶಿವಬಸವ್ವ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ತನ್ನ ಮನೆಯಲ್ಲಿಯೇ ತಾನು ಕಳ್ಳಿ. ಬಲೆ ಬೇರೆ ಹಾಕಿದ್ದ. ಇಷ್ಟು ವರ್ಷ ಈತನ ಹಾಳು ಡಬ್ಬಿಗಳ ಧೂಳು ಹೊಡೆದವಳು ತಾನು, ಬಿಸಿಲಿಗಿಟ್ಟದ್ದನ್ನು ಮಳೆ ಬಂದಾಗ ಓಡಿಹೋಗಿ ಒಳಗೆ ತಂದವಳು ತಾನು. ಖಾನಾಪುರದ ಖೋಲಿಯಲ್ಲಿ ತುಟಿಯವರೆಗೆ ಬಂದಿದ್ದ ತಪ್ಪಾಯಿತು ಎಂಬ ಮಾತನ್ನು ಅವಳು ಅಲ್ಲೇ ತಡೆದಳು.

“ಕೇಳಬಾರದಿತ್ತೇನ್ರಿ ನನ್ನ?”

“ನೀ ಕೇಳಿದ್ಯೇನು?”

ದೇಸೂರು ಸ್ಟೇಷನ್ನು ಬಂತು, ಹೋಯಿತು. ಇಬ್ಬರಲ್ಲಿ ಯಾರ ಸಂಶಯ ಹೆಚ್ಚು ಕೆಟ್ಟದ್ದು ಎಂದು ಅವಳು ಮನಸ್ಸಿನಲ್ಲಿಯೇ ತೂಗಿ ನೋಡಿದಳು. ತಕ್ಕಡಿಯಲ್ಲಿ ತನ್ನ ತಟ್ಟೆಯೇ ಕೆಳಗಿಳಿಯಿತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಊರು ಹತ್ತಿರ ಬಂದಾಗ ಗುರುಪುತ್ರಪ್ಪ ಅಂಜುತ್ತಲೇ, “ಇನ್ನ ಮ್ಯಾಲೆ ಆ ಕೆಲಸಾ ಬಿಟ್ಟುಬಿಡ್ತೀನಿ” ಎಂದ.

“ಬಿಡೂದು ಬ್ಯಾಡ. ಎಲ್ಲಾ ತಿರುಗಿ ಮನಿಗೆ ತರ್ರಿ. ಕೆಲಸಾನೂ ಮನ್ಯಾಗs ಮಾಡ್ರಿ, ನನ್ನ ಕಣ್ಣ ಮುಂದ.”

“ವಾಸನೀ?”

“ಬರ್ಲಿ.”

ಅದು ಪ್ರೀತಿಯ ಮಾತೋ ಪಹರೆಯ ಮಾತೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ.

ಮರುದಿನ ಪಾದಪೂಜೆ ಆಯಿತು. ಇಬ್ಬರೂ ಒಟ್ಟಿಗೆ ಕೂತರು. ನೋಡಿದವರೆಲ್ಲ ಜೋಡಿ ಅಂದರೆ ಹೀಗಿರಬೇಕು ಎಂದರು. ಪ್ರಸಾದದ ಹೊತ್ತಿಗೆ ತಾಟುಗಳೂ ಒಟ್ಟಾದವು, ಆದರೆ ಮಾತು ಇನ್ನೂ ಒಟ್ಟಾಗಿರಲಿಲ್ಲ. ಬೇಕು ಬೇಡ ಅಷ್ಟೇ ಮಾತು.

ಗೇಮುಗಳು ಕಪಾಟಿಗೆ ಮರಳಿದವು. ಶ್ರಾವಣ ಮುಗಿಯುವ ಮುನ್ನಿನ ರವಿವಾರ ಗುರುಪುತ್ರಪ್ಪ ಮಾಳಿಗೆಯ ಖೋಲಿಯಲ್ಲಿ ಮೊದಲ ಸಲ ತಾನೇ ಒಂದು ಕೈ ಗೇಮನ್ನು ಬಿಚ್ಚಿದ. ಶಿವಬಸವ್ವ ಕೆಳಗೆ ತೊಳೆದ ಬಟ್ಟೆ ಒಣಹಾಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮೇಲಿನ ಕಿಟಕಿಯಿಂದ ವಾಸನೆ ಇಳಿದು ಬಂದು ಕಂಪೌಂಡು ದಾಟಿತು. ಆಚೆ ಸತ್ಯವ್ವ ಹೂವು ಹರಿಯುತ್ತಿದ್ದಳು. ಅವಳ ಕೈ ನಿಂತಿತು. ಮೂಗು ಎತ್ತಿ ಒಮ್ಮೆ ಗಾಳಿ ಎಳೆದಳು. ಇವರ ಅಡಿಗೆಮನೆಯ ಕಿಟಕಿ ನೋಡಿದಳು, ಶಿವಬಸವ್ವನ ಕೊರಳಲ್ಲಿದ್ದ ಲಿಂಗದ ದಾರ ನೋಡಿದಳು.

ಕೇಳಲಿ, ಒಂದು ಮಾತು ಕೇಳಲಿ ಎಂದು ಶಿವಬಸವ್ವ ಒದ್ದೆ ಬಟ್ಟೆ ಹಿಡಿದುಕೊಂಡೇ ಕಾದಳು. ಕೇಳಿದರೆ ಕೈಹಿಡಿದು ಮಾಳಿಗೆಗೆ ಕರೆದೊಯ್ದು ತೋರಿಸುತ್ತಿದ್ದಳು, ಕೂತು ನಗುತ್ತಿದ್ದರು.

“ಊಟಾ ಆತೇನ್ರಿ?” ಎಂದಳು ಸತ್ಯವ್ವ.

“ಇನ್ನs ಆಗಿಲ್ರಿ. ಬರ್ರಿ ಒಳಗ.”

“ಇನ್ನೊಮ್ಮೆ ಬರ್ತೀನಿ ತಗೋರಿ.” ಹೂವಿನ ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು. ಅವಳ ಮನೆಯ ಈ ಕಡೆಯ ಕಿಟಕಿಗಳು ಒಂದರ ಹಿಂದೊಂದು ಮುಚ್ಚಿಕೊಂಡವು.

ಶಿವಬಸವ್ವನಿಗೆ ಎದೆ ಉರಿಯಿತು. ಮಾಡದ ತಪ್ಪಿಗೆ ಮುಚ್ಚಿದ ಕಿಟಕಿಯ ಮುಂದೆ ನಿಲ್ಲುವುದೆಂದರೆ ಹೀಗೆ. ಒಂದು ಗಳಿಗೆಗೆ ತನಗೆ ಇಷ್ಟು ಉರಿ. ಯುಗಾದಿಯಿಂದ ಶ್ರಾವಣದವರೆಗೆ ಒಬ್ಬನೇ ಕೂತು ಉಂಡ ಮನುಷ್ಯ ಮೇಲೆ ಇದ್ದಾನೆ. ಬಟ್ಟೆ ಬುಟ್ಟಿಯಲ್ಲಿ ಬಿಟ್ಟು ಮೆಟ್ಟಿಲು ಹತ್ತಿದಳು.

ಗುರುಪುತ್ರಪ್ಪ ಕಣ್ಣಿಗೆ ಕನ್ನಡಕ ಏರಿಸಿ ಹಸಿರು ಹಾಳೆಯ ಮೇಲೆ ಬಾಗಿದ್ದ. ಹೊಸಬನ ಕೈ, ಹಾಳೆ ಜಾರುತ್ತಿತ್ತು.

“ನಂದು ತಪ್ಪಾತ್ರಿ,” ಎಂದಳು.

“ಏನಾತು ಈಗ?” ಎಂದ ಅವನು, ತಲೆ ಎತ್ತದೆ.

“ಈಗಿಂದಲ್ಲ. ಆಗಿಂದು.”

ಅವನು ಕನ್ನಡಕ ಮೇಲೇರಿಸಿ ಅವಳನ್ನು ನೋಡಿದ. ಆಮೇಲೆ ಬಾಜುವಿನ ಮಣೆಯನ್ನು ಕಾಲಿನಿಂದ ಅವಳ ಕಡೆ ಸರಿಸಿ, “ನಂದೂ ಇತ್ತು ಬಿಡು. ಬಾ, ಇದನ್ನ ಹಿಡಕೋ. ಅಳ್ಳಾಡಸಬ್ಯಾಡ” ಎಂದ.

ಅವಳು ಕೂತು ಎರಡೂ ಕೈಯಿಂದ ಹಾಳೆಯ ಅಂಚು ಹಿಡಿದಳು. ಬಿಸಿ ಕಡ್ಡಿ ಮುಟ್ಟಿತು, ಹೊಗೆ ಎದ್ದು ನೇರವಾಗಿ ಅವಳ ಮೂಗಿಗೇ ಬಂತು. ಕೈ ಬಿಡದೆ ಹಿಡಿದುಕೊಂಡು ಕೂತಳು.